ನಿಸ್ತಂತು ಹೆಡ್‌ಫೋನ್ ಕೊಳ್ಳುವ ಮುನ್ನ

ಕೆಲವು ವರ್ಷಗಳ ಹಿಂದೆ, ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಯಂತ್ರಭಾಗಗಳ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರು ಒಂದು ಡೆಬಿಟ್ ನೋಟನ್ನು ಹಿಡಿದು ಕಛೇರಿಗೆ ಬಂದರು. ಹೊರರಾಜ್ಯದ ಗ್ರಾಹಕರು ಸರಕು ಪೂರೈಕೆಯಲ್ಲಿ ವಿಳಂಬವಾಯಿತೆಂದು ಬಿಲ್ಲಿನ ಮೊತ್ತದಲ್ಲಿ ಕಡಿತ ಮಾಡಿದ್ದರು. ವಿಚಾರಿಸಲಾಗಿ ತಿಳಿದುಬಂದ ಸಂಗತಿ ಇಷ್ಟೆ. ದೂರವಾಣಿಯಲ್ಲಿ ಗ್ರಾಹಕರು ಹೇಳಿದ್ದು ‘ಫಿಫ್ಟೀನ್ ಡೇಸ್’. ಲೇಥ್ ಯಂತ್ರಗಳ ಸದ್ದಿನ ನಡುವೆ, ಅಗ್ಗದ ಇಯರ್‌ಬಡ್‌ನಲ್ಲಿ ಇವರಿಗೆ ಕೇಳಿಸಿದ್ದು ‘ಫಿಫ್ಟಿ ಡೇಸ್’. ಕಡಿತವಾದ ಹಣದಲ್ಲಿ ಉತ್ತಮ ದರ್ಜೆಯ ಹೆಡ್‌ಫೋನುಗಳನ್ನು ಹತ್ತಾದರೂ ಕೊಳ್ಳಬಹುದಾಗಿತ್ತು.

ಇಂದು ಆದೇಶಗಳು, ದರ ಚೌಕಾಸಿ, ಬ್ಯಾಂಕಿನೊಡನೆ ಮಾತುಕತೆ, ತೆರಿಗೆ ಪ್ರಾಧಿಕಾರಗಳ ಮುಂದಿನ ವೀಡಿಯೋ ವಿಚಾರಣೆ ಮುಂತಾದ ವ್ಯವಹಾರಗಳಲ್ಲಿ ಬಹುಪಾಲು ಕಿವಿಯ ಮೂಲಕವೇ ನಡೆಯುತ್ತಿವೆ. ಹೀಗಿರುವಾಗ ನಿಸ್ತಂತು ಹೆಡ್‌ಫೋನನ್ನು ಕೇವಲ ಸಂಗೀತ ಕೇಳುವ ಮೋಜಿನ ವಸ್ತುವೆಂದು ಭಾವಿಸದೆ, ತಕ್ಕಡಿ ಮತ್ತು ಅಳತೆಪಟ್ಟಿಗಳಂತೆ ವ್ಯಾಪಾರದ ಉಪಕರಣವೆಂದೇ ಪರಿಗಣಿಸುವುದು ಸೂಕ್ತ. ಅದನ್ನು ಆರಿಸುವಾಗ ಗಮನಿಸತಕ್ಕ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ.

1. ಮೊದಲು ಉದ್ದೇಶದ ನಿರ್ಧಾರ

ಯಂತ್ರ ಕೊಳ್ಳುವ ಮುನ್ನ ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳುವಂತೆ ಇಲ್ಲಿಯೂ ಕೇಳಿಕೊಳ್ಳಬೇಕು. ದಿನದ ಬಳಕೆಯಲ್ಲಿ ಮಾತು ಎಷ್ಟು, ಆಲಿಕೆ ಎಷ್ಟು? ಕುಳಿತುಕೊಳ್ಳುವ ಸ್ಥಳ ಸದ್ದಿನದೋ, ನಿಶ್ಶಬ್ದವೋ? ಮಾತು ಮೊಬೈಲಿನಲ್ಲೋ, ಗಣಕಯಂತ್ರದಲ್ಲೋ, ಎರಡರಲ್ಲೂ ಇದೆಯೋ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡು ಅಂಗಡಿಗೆ ಹೋದವರು ಮಾರಾಟಗಾರರ ಮಾತಿಗೆ ಸುಲಭವಾಗಿ ಮರುಳಾಗುವುದಿಲ್ಲ.

ಮಾತೇ ಪ್ರಧಾನವಾಗಿದ್ದರೆ ಬಾಯಿಯ ಸಮೀಪಕ್ಕೆ ಬರುವ ಕಡ್ಡಿ ಮೈಕ್ ಉಳ್ಳ ಹೆಡ್‌ಸೆಟ್ಟೇ ಲೇಸು. ಇದಕ್ಕೆ ಸರಳವಾದ ಭೌತಶಾಸ್ತ್ರದ ಕಾರಣವಿದೆ. ಮೈಕಿಗೂ ಬಾಯಿಗೂ ಇರುವ ಅಂತರ ಅರ್ಧವಾದಾಗ ಅದಕ್ಕೆ ತಲಪುವ ನಮ್ಮ ಧ್ವನಿ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಸುತ್ತಲಿನ ಗದ್ದಲವಾದರೋ ಇದ್ದಷ್ಟೇ ಇರುತ್ತದೆ. ಕಿವಿಯೊಳಗೆ ಕೂರುವ ಪುಟ್ಟ ಬಡ್‌ಗಳ ಮೈಕ್ ಬಾಯಿಯಿಂದ ದೂರವಿರುವುದರಿಂದ ಗದ್ದಲದ ಸ್ಥಳದಲ್ಲಿ ಎದುರಿನವರಿಗೆ ನಮ್ಮ ಮಾತಿಗಿಂತ ನಮ್ಮ ಕಾರ್ಖಾನೆಯೇ ಹೆಚ್ಚು ಕೇಳಿಸುತ್ತದೆ.

2. ಬ್ಲೂಟೂತ್ ಮತ್ತು ಅದರ ಮಿತಿ

ಬಹುತೇಕ ಎಲ್ಲ ನಿಸ್ತಂತು ಹೆಡ್‌ಫೋನುಗಳೂ ಕೆಲಸ ಮಾಡುವುದು ಬ್ಲೂಟೂತ್ ತಂತ್ರಜ್ಞಾನದಿಂದ. ಎರಿಕ್ಸನ್, ನೋಕಿಯಾ, ಇಂಟೆಲ್, ಐ.ಬಿ.ಎಂ. ಮತ್ತು ತೋಷಿಬಾ ಸಂಸ್ಥೆಗಳು 1998ರಲ್ಲಿ ಕೂಡಿ ಇದಕ್ಕೆ ಸಮಾನ ಮಾನದಂಡ ರೂಪಿಸಲಾರಂಭಿಸಿದವು. ಹತ್ತನೆಯ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್ ಬ್ಲೂಟೂತನ ಹೆಸರನ್ನೇ ಇದಕ್ಕೆ ಇಡಲಾಯಿತು. ಇದು ಬಳಸುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು. ಹಲವು ವೈ-ಫೈ ಉಪಕರಣಗಳೂ ಮೈಕ್ರೋವೇವ್ ಒಲೆಗಳೂ ಇದೇ ಪಟ್ಟಿಯಲ್ಲಿವೆ. ಸಾಮಾನ್ಯ ವ್ಯಾಪ್ತಿ ಸುಮಾರು 10 ಮೀಟರ್. ನಡುವೆ ಗೋಡೆ, ಕಬ್ಬಿಣದ ಕಪಾಟು ಅಥವಾ ಮನುಷ್ಯರ ದೇಹ ಅಡ್ಡ ಬಂದರೆ ವ್ಯಾಪ್ತಿ ಕುಗ್ಗುತ್ತದೆ. ಗೋದಾಮಿನ ಉಕ್ಕಿನ ರ‍್ಯಾಕುಗಳ ನಡುವೆ ಮಾತು ಕಡಿದುಹೋಗುವುದು ಈ ಕಾರಣದಿಂದಲೇ.

ಮುಖ್ಯವಾದ ಮತ್ತೊಂದು ಸಂಗತಿಯನ್ನು ಪೆಟ್ಟಿಗೆಯ ಮೇಲೆ ಯಾರೂ ಮುದ್ರಿಸುವುದಿಲ್ಲ. ಬ್ಲೂಟೂತ್‌ಗೆ ಎರಡು ಬೇರೆ ದಾರಿಗಳಿವೆ. ಸಂಗೀತ ಒಂದೇ ದಿಕ್ಕಿನಲ್ಲಿ ಬರುವ ಅಗಲವಾದ ದಾರಿ ಒಂದು. ಮಾತು ಹೋಗಿ ಬರುವ ಇಕ್ಕಟ್ಟಾದ ದಾರಿ ಇನ್ನೊಂದು. ಮೈಕ್ ಚಾಲನೆಗೊಂಡ ಕ್ಷಣವೇ ಹೆಡ್‌ಫೋನ್ ಎರಡನೆಯ ದಾರಿಗೆ ಹೊರಳುತ್ತದೆ. ಹಾಡು ಸೊಗಸಾಗಿ ಕೇಳಿಸುತ್ತಿದ್ದ ಉಪಕರಣ ವೀಡಿಯೋ ಸಭೆಯಲ್ಲಿ ಹಳೆಯ ದೂರವಾಣಿಯಂತೆ ಕೇಳಿಸುವುದು ದೋಷದಿಂದಲ್ಲ, ಈ ಸ್ವಭಾವದಿಂದ.

ಹಳೆಯ ಪದ್ಧತಿಯಲ್ಲಿ ಮಾತಿನ ಶಬ್ದವನ್ನು ಸೆಕೆಂಡಿಗೆ 8,000 ಬಾರಿ ಅಳೆಯಲಾಗುತ್ತದೆ. 3,400 ಹರ್ಟ್ಸ್‌ಗಿಂತ ಮೇಲಿನ ಧ್ವನಿ ಹೆಚ್ಚುಕಡಿಮೆ ಕಳೆದೇ ಹೋಗುತ್ತದೆ. ‘ಸ’, ‘ಫ’ ಮುಂತಾದ ವ್ಯಂಜನಗಳನ್ನು ಗುರುತಿಸುವ ಸುಳಿವು ಬಹುಮಟ್ಟಿಗೆ ಇರುವುದು ಆ ಮೇಲಿನ ಭಾಗದಲ್ಲಿಯೇ. ಸುತ್ತ ಗದ್ದಲವಿದ್ದು, ಇಷ್ಟು ಧ್ವನಿಯೂ ಕಳೆದುಹೋದರೆ ಹದಿನೈದು ಐವತ್ತಾಗುವುದರಲ್ಲಿ ಆಶ್ಚರ್ಯವಿಲ್ಲ. ಸೆಕೆಂಡಿಗೆ 16,000 ಬಾರಿ ಅಳೆಯುವ ಪದ್ಧತಿಗೆ ‘ವೈಡ್‌ಬ್ಯಾಂಡ್’ ಅಥವಾ ‘ಎಚ್.ಡಿ. ವಾಯ್ಸ್’ ಎಂದು ಹೆಸರು. ಕೊಳ್ಳುವಾಗ ಇದು ಇದೆಯೇ ಎಂದು ವಿಚಾರಿಸತಕ್ಕದ್ದು. 2020ರಲ್ಲಿ ಪ್ರಕಟವಾದ ‘ಎಲ್.ಇ. ಆಡಿಯೋ’ ಎಂಬ ಹೊಸ ಪದ್ಧತಿ ಇನ್ನೂ ಉತ್ತಮವಾದದ್ದು. ಆದರೆ ಹೆಡ್‌ಫೋನ್ ಮತ್ತು ಮೊಬೈಲ್ ಎರಡರಲ್ಲೂ ಅದು ಇದ್ದಾಗ ಮಾತ್ರ ಪ್ರಯೋಜನ.

ಗಣಕಯಂತ್ರದಲ್ಲಿ ವಿಚಾರಣೆಗೆ ಹಾಜರಾಗುವವರಿಗೆ ಖರ್ಚಿಲ್ಲದ ಉಪಾಯವೊಂದಿದೆ. ಕೊಠಡಿ ನಿಶ್ಶಬ್ದವಾಗಿದ್ದರೆ ಮಾತಿಗೆ ಲ್ಯಾಪ್‌ಟಾಪಿನ ಮೈಕನ್ನೂ ಆಲಿಕೆಗೆ ಹೆಡ್‌ಫೋನನ್ನೂ ಆರಿಸಿಕೊಂಡರೆ, ಹೆಡ್‌ಫೋನ್ ಅಗಲವಾದ ದಾರಿಯಲ್ಲಿಯೇ ಉಳಿದು ಮಾತು ಸ್ಪಷ್ಟವಾಗಿ ಕೇಳಿಸುತ್ತದೆ.

3. ಎ.ಎನ್.ಸಿ. ಮತ್ತು ಇ.ಎನ್.ಸಿ.

ಈ ಎರಡು ಸಂಕ್ಷೇಪಗಳ ಗೊಂದಲದಿಂದ ಹಣ ಕಳೆದುಕೊಂಡವರು ಅನೇಕರು. ಎ.ಎನ್.ಸಿ. ಎಂಬುದು ನಮ್ಮ ಕಿವಿಗೆ ಬರುವ ಹೊರಗದ್ದಲವನ್ನು ತಗ್ಗಿಸುವ ವ್ಯವಸ್ಥೆ. ಇ.ಎನ್.ಸಿ. ಎಂಬುದು ನಮ್ಮ ಮೈಕಿನಿಂದ ಎದುರಿನವರಿಗೆ ಹೋಗುವ ಗದ್ದಲವನ್ನು ತಗ್ಗಿಸುವ ವ್ಯವಸ್ಥೆ. ಮೊದಲನೆಯದು ನಮಗಾಗಿ, ಎರಡನೆಯದು ಗ್ರಾಹಕರಿಗಾಗಿ. ಪೆಟ್ಟಿಗೆಯ ಮೇಲೆ ‘ನಾಯ್ಸ್ ಕ್ಯಾನ್ಸಲೇಷನ್’ ಎಂದಷ್ಟೇ ಇದ್ದರೆ ಯಾವುದು ಎಂದು ಕೇಳದೆ ಹಣ ಕೊಡಬಾರದು.

ಎ.ಎನ್.ಸಿ. ಹೊರಗಿನ ಶಬ್ದದ ತರಂಗವನ್ನು ಅಳೆದು, ಅದಕ್ಕೆ ತದ್ವಿರುದ್ಧವಾದ ತರಂಗವನ್ನು ಹುಟ್ಟಿಸಿ, ಜಮೆ-ಖರ್ಚು ಸರಿದೂಗಿಸಿದಂತೆ ಒಂದನ್ನೊಂದು ಅಳಿಸುತ್ತದೆ. ಬಂಗಾಳಿ ಮೂಲದ ಅಮೆರಿಕನ್ ವಿಜ್ಞಾನಿ ಅಮರ್ ಬೋಸ್ ಅವರಿಗೆ 1978ರಲ್ಲಿ ಜ್ಯೂರಿಚ್‌ನಿಂದ ಬೋಸ್ಟನ್‌ಗೆ ವಿಮಾನದಲ್ಲಿ ಮರಳುವಾಗ ಇಂತಹ ಹೆಡ್‌ಫೋನಿನ ಆಲೋಚನೆ ಹೊಳೆಯಿತು; ಅವರ ಸಂಸ್ಥೆಯ ವಿಮಾನಚಾಲಕರ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂದಿತು. ಜನರೇಟರ್, ಫ್ಯಾನ್, ಎಂಜಿನ್ ಮುಂತಾದ ಸತತವಾದ ಮಂದ್ರಸ್ವರದ ಸದ್ದಿಗೆ ಈ ವ್ಯವಸ್ಥೆ ಪರಿಣಾಮಕಾರಿ. ಸುತ್ತಿಗೆಯ ಏಟು, ಪ್ರೆಸ್ ಯಂತ್ರದ ಬಡಿತ, ಮನುಷ್ಯರ ಮಾತು ಇವುಗಳಿಗೆ ಅಷ್ಟು ಪರಿಣಾಮಕಾರಿಯಲ್ಲ. ಆದುದರಿಂದ ಕಾರ್ಖಾನೆಯೊಳಗೆ ಕಿವಿಯ ರಕ್ಷಣೆಗೆಂದು ಎ.ಎನ್.ಸಿ. ಹೆಡ್‌ಫೋನನ್ನು ಕಾರ್ಮಿಕರಿಗೆ ಕೊಡುವುದು ತಪ್ಪು. ಅಲ್ಲಿ ಪ್ರಮಾಣಿತ ಶ್ರವಣರಕ್ಷಕಗಳೇ ಬೇಕು.

4. ಬ್ಯಾಟರಿ ಎಂಬ ಗುಪ್ತ ಸವಕಳಿ

ಲಿಥಿಯಂ ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಪೂರ್ಣ ಆವರ್ತಗಳಾದ ಮೇಲೆ ಮೂಲ ಸಾಮರ್ಥ್ಯದ ಶೇ. 80ರ ಆಸುಪಾಸಿಗೆ ಇಳಿಯುತ್ತದೆ. ಪುಟ್ಟ ಇಯರ್‌ಬಡ್‌ಗಳ ಬ್ಯಾಟರಿಯೂ ಪುಟ್ಟದು. ಮಾತು ಹೆಚ್ಚಿರುವವರಲ್ಲಿ ಅದು ಪ್ರತಿದಿನ ಬರಿದಾಗಿ ತುಂಬುತ್ತದೆ. ಲೆಕ್ಕ ಹಾಕಿದರೆ ಒಂದೂವರೆ ವರ್ಷದೊಳಗೇ 500 ಆವರ್ತಗಳು ಮುಗಿಯುತ್ತವೆ. ಕಿವಿಯನ್ನು ಪೂರ್ತಿ ಆವರಿಸುವ ದೊಡ್ಡ ಹೆಡ್‌ಫೋನಿಗೆ ವಾರಕ್ಕೆ ಒಂದೆರಡು ಬಾರಿ ವಿದ್ಯುತ್ ತುಂಬಿದರೆ ಸಾಕಾಗುವುದರಿಂದ ಅದರ ಆಯುಷ್ಯ ಸಹಜವಾಗಿಯೇ ಹೆಚ್ಚು. ಹೆಚ್ಚಿನ ಬಡ್‌ಗಳಲ್ಲಿ ಬ್ಯಾಟರಿಯನ್ನು ಬದಲಿಸಲು ಆಗುವುದಿಲ್ಲ. ಬ್ಯಾಟರಿ ಸತ್ತರೆ ಉಪಕರಣವೇ ಸತ್ತಂತೆ.

‘40 ಗಂಟೆ’ ಎಂಬ ಜಾಹೀರಾತನ್ನೂ ಜಾಗರೂಕತೆಯಿಂದ ಓದಬೇಕು. ಬಡ್‌ಗಳ ವಿಷಯದಲ್ಲಿ ಪೆಟ್ಟಿಗೆಯೊಳಗಿನ ಬ್ಯಾಟರಿಯನ್ನೂ ಸೇರಿಸಿ ಹೇಳಿದ ಲೆಕ್ಕ ಅದಾಗಿರುತ್ತದೆ. ಎ.ಎನ್.ಸಿ. ಬಳಸಿದಾಗ, ದೀರ್ಘವಾಗಿ ಮಾತನಾಡಿದಾಗ ಅವಧಿ ಗಣನೀಯವಾಗಿ ಇಳಿಯುತ್ತದೆ. ‘ಮಾತಿನ ಅವಧಿ ಎಷ್ಟು’ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

5. ಇತರ ಅಂಶಗಳು

ಮೊಬೈಲ್ ಮತ್ತು ಗಣಕಯಂತ್ರ ಎರಡಕ್ಕೂ ಏಕಕಾಲದಲ್ಲಿ ಸಂಪರ್ಕ ಹೊಂದುವ ‘ಮಲ್ಟಿಪಾಯಿಂಟ್’ ಸೌಲಭ್ಯ ವ್ಯಾಪಾರಸ್ಥರಿಗೆ ಅತ್ಯುಪಯುಕ್ತ. ಧೂಳು, ಬೆವರು ಇರುವಲ್ಲಿ ಐ.ಪಿ. ಶ್ರೇಣಿಯನ್ನು ನೋಡಬೇಕು. ಅದರ ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ‘ಐ.ಪಿ.ಎಕ್ಸ್. 4’ ಎಂದಿದ್ದರೆ ನೀರಿನ ಎರಚಲನ್ನು ತಡೆಯುತ್ತದೆ. ಧೂಳಿನ ಬಗ್ಗೆ ಯಾವ ಭರವಸೆಯನ್ನೂ ಕೊಟ್ಟಿಲ್ಲವೆಂದು ಅರ್ಥ. ಹಿಟ್ಟಿನ ಗಿರಣಿ, ಸಿಮೆಂಟ್ ಗೋದಾಮುಗಳಲ್ಲಿ ಕೆಲಸ ಮಾಡುವವರಿಗೆ ‘ಐ.ಪಿ. 54’ರಂತಹ ಶ್ರೇಣಿ ಸೂಕ್ತ. ‘20ರಿಂದ 20,000 ಹರ್ಟ್ಸ್’ ಎಂಬ ಮುದ್ರಣ ಬಹುತೇಕ ಎಲ್ಲ ಪೆಟ್ಟಿಗೆಗಳ ಮೇಲೂ ಇರುವುದರಿಂದ ಅದರಿಂದ ಗುಣ ನಿರ್ಣಯಿಸಲಾಗದು. ತಲೆಗೆ ಹಾಕಿಕೊಂಡು ಹತ್ತು ನಿಮಿಷ ಕುಳಿತು ನೋಡುವುದು, ಅಂಗಡಿಯಿಂದಲೇ ಮನೆಗೆ ಕರೆ ಮಾಡಿ ‘ನನ್ನ ಮಾತು ಹೇಗೆ ಕೇಳಿಸುತ್ತಿದೆ’ ಎಂದು ವಿಚಾರಿಸುವುದು ಇದಕ್ಕಿಂತ ವಿಶ್ವಾಸಾರ್ಹ ಪರೀಕ್ಷೆ.

6. ಕಾನೂನಿನ ಗುರುತುಗಳು

ನಿಸ್ತಂತು ಹೆಡ್‌ಫೋನ್ ಮತ್ತು ಇಯರ್‌ಫೋನುಗಳು ಭಾರತೀಯ ಮಾನಕ ಸಂಸ್ಥೆಯ ಕಡ್ಡಾಯ ನೋಂದಣಿ ಯೋಜನೆಗೆ ಒಳಪಟ್ಟಿವೆ. ಉಪಕರಣ ಅಥವಾ ಪೆಟ್ಟಿಗೆಯ ಮೇಲೆ ಮಾನಕ ಚಿಹ್ನೆ, ಐ.ಎಸ್. ಸಂಖ್ಯೆ ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಈ ಸಂಖ್ಯೆಯನ್ನು ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ನಮ್ಮ ಸದಸ್ಯರಲ್ಲಿ ಇಂತಹ ಸರಕನ್ನು ಮಾರುವವರೂ ಇದ್ದಾರೆ. ನೋಂದಣಿಯಿಲ್ಲದ ಸರಕಿನ ಮಾರಾಟ ಬಿ.ಐ.ಎಸ್. ಕಾಯ್ದೆ, 2016ರ ಉಲ್ಲಂಘನೆಯಾದ್ದರಿಂದ ಅವರು ಖರೀದಿಯ ಹಂತದಲ್ಲಿಯೇ ಎಚ್ಚರ ವಹಿಸುವುದು ಕ್ಷೇಮ. ಗರಿಷ್ಠ ಮಾರಾಟ ಬೆಲೆ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಆಮದು ಸರಕಾದರೆ ಮೂಲದೇಶ ಇವೂ ಪೆಟ್ಟಿಗೆಯ ಮೇಲಿರಬೇಕು. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

7. ಲೆಕ್ಕಪತ್ರದ ದೃಷ್ಟಿ

ಹೆಡ್‌ಫೋನಿಗೆ ಜಿ.ಎಸ್.ಟಿ. ದರ ಶೇ. 18. ವ್ಯಾಪಾರದ ಉಪಯೋಗಕ್ಕೆ ಕೊಂಡಾಗ ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ಸಂಖ್ಯೆ ನಮೂದಾಗಿದ್ದು, ನಮ್ಮ 2ಬಿ ತಖ್ತೆಯಲ್ಲಿ ಕಂಡುಬಂದರೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಇದು ದೊರೆಯುವುದಿಲ್ಲ. ಸ್ವಂತದ ಬಳಕೆಗೆ ಕೊಂಡದ್ದಕ್ಕೂ, ದೀಪಾವಳಿಗೆ ಉಡುಗೊರೆಯಾಗಿ ಹಂಚಿದ್ದಕ್ಕೂ ಜಮೆ ಪಡೆಯುವಂತಿಲ್ಲ. ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಸವಕಳಿ ಪಡೆದರೆ ಆ ತೆರಿಗೆಗೆ ಜಮೆ ಇಲ್ಲ.

ಬೆಲೆಯನ್ನು ತೂಗುವಾಗ ಕೊಂಡ ದರವನ್ನಲ್ಲ, ವರ್ಷಕ್ಕೆ ಬೀಳುವ ವೆಚ್ಚವನ್ನು ನೋಡಬೇಕು. ಉದಾಹರಣೆಗೆ, 1,770 ರೂಪಾಯಿಯ ಇಯರ್‌ಬಡ್‌ನಲ್ಲಿ 270 ರೂ. ತೆರಿಗೆ ಜಮೆ ಕಳೆದರೆ ಉಳಿಯುವುದು 1,500. ಅದು ಒಂದೂವರೆ ವರ್ಷ ಬಾಳಿದರೆ ವಾರ್ಷಿಕ ವೆಚ್ಚ 1,000 ರೂ. ಇನ್ನು 5,900 ರೂಪಾಯಿಯ ಹೆಡ್‌ಸೆಟ್‌ನಲ್ಲಿ 900 ರೂ. ಜಮೆ ಕಳೆದರೆ 5,000. ನಡುವೆ ಒಮ್ಮೆ ಕಿವಿಮೆತ್ತೆ ಬದಲಿಸಲು 600 ಸೇರಿಸಿದರೆ 5,600. ಅದು ನಾಲ್ಕು ವರ್ಷ ಬಾಳಿದರೆ ವಾರ್ಷಿಕ ವೆಚ್ಚ 1,400 ರೂ. ವ್ಯತ್ಯಾಸ ವರ್ಷಕ್ಕೆ 400 ರೂ., ಅಂದರೆ ದಿನಕ್ಕೆ ಒಂದು ರೂಪಾಯಿಗೆ ತುಸು ಹೆಚ್ಚು. ಮಾತು ಸ್ಪಷ್ಟವಾಗಿ ಕೇಳಿಸುವುದರ ಬೆಲೆ ಇಷ್ಟು. ದಿನಕ್ಕೆ ಎರಡು ಕರೆಗಳಷ್ಟೇ ಇರುವವರಿಗೆ ಅಗ್ಗದ್ದೇ ಸಾಕೆಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ.

8. ಕಿವಿಯೇ ಮೂಲ ಬಂಡವಾಳ

ವಾರಕ್ಕೆ 40 ಗಂಟೆಗಳವರೆಗೆ 80 ಡೆಸಿಬಲ್ ಧ್ವನಿ ಕೇಳುವುದು ಸುರಕ್ಷಿತ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಧ್ವನಿ 90 ಡೆಸಿಬಲ್‌ಗೆ ಏರಿದರೆ ಆ ಮಿತಿ ವಾರಕ್ಕೆ ಕೇವಲ 4 ಗಂಟೆಗೆ ಇಳಿಯುತ್ತದೆ. ಯಂತ್ರದ ಸದ್ದನ್ನು ಮೀರಿಸಲೆಂದು ಹೆಡ್‌ಫೋನಿನ ಧ್ವನಿಯನ್ನು ಏರಿಸುತ್ತಾ ಹೋಗುವುದು ಸಾಲ ತೀರಿಸಲು ಹೆಚ್ಚಿನ ಬಡ್ಡಿಗೆ ಸಾಲ ಮಾಡಿದಂತೆ. ಸದ್ದಿನಿಂದ ದೂರ ಸರಿದು ಮಾತನಾಡುವುದು, ಧ್ವನಿಯನ್ನು ಗರಿಷ್ಠದ ಶೇ. 60ರೊಳಗೆ ಇಡುವುದು ವಿಹಿತ. ಹೀಗೆ ಕಳೆದುಕೊಂಡ ಶ್ರವಣಶಕ್ತಿ ಮರಳಿ ಬರುವುದಿಲ್ಲ. ಅದಕ್ಕೆ ಯಾವ ವಾರಂಟಿಯೂ ಇಲ್ಲ.

ಉದ್ಯಮಬಾಗ್‌ನ ನನ್ನ ಕಕ್ಷಿದಾರರು ಈಗ ಕಡ್ಡಿ ಮೈಕಿನ ಹೆಡ್‌ಸೆಟ್ ಬಳಸುತ್ತಿದ್ದಾರೆ. ಕರೆ ಬಂದೊಡನೆ ಯಂತ್ರಾಗಾರದಿಂದ ಕಛೇರಿಯೊಳಗೆ ಬರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಮಾತು ಮುಗಿದ ಅರ್ಧ ಗಂಟೆಯೊಳಗೆ ಪ್ರಮಾಣ, ದರ, ದಿನಾಂಕ ಮೂರನ್ನೂ ಅಂಕಿ ಹಾಗೂ ಅಕ್ಷರಗಳಲ್ಲಿ ಬರೆದು ಗ್ರಾಹಕರಿಗೆ ಮಿಂಚಂಚೆ ಕಳುಹಿಸುತ್ತಾರೆ. ಸದಸ್ಯ ಬಾಂಧವರು ಒಳ್ಳೆಯ ಹೆಡ್‌ಫೋನನ್ನು ಅವಶ್ಯವಾಗಿ ಕೊಳ್ಳಲಿ. ಆದರೆ ಈ ಕೊನೆಯ ಅಭ್ಯಾಸಕ್ಕೆ ಹಣವನ್ನೇ ಕೊಡಬೇಕಾಗಿಲ್ಲವೆಂಬುದನ್ನು ಮರೆಯದಿರಲಿ.