ಹೊಗೆ ಹೊರಗಟ್ಟುವ ಒಲೆ ಬೇರೆ, ಹೊಗೆ ಸುಡುವ ಒಲೆ ಬೇರೆ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಕೆಚ್ಚಲು ಬಾವು, ಕಾಲುಬಾಯಿ ಜ್ವರ, ಬೆದೆ ಗುರುತಿಸುವಿಕೆ ಇಂಥ ವಿಷಯಗಳನ್ನು. ಈ ಸಲ ಒಲೆಯ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೂ ಒಲೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧವನ್ನು ನನಗೆ ತೋರಿಸಿಕೊಟ್ಟದ್ದು ಕಗ್ಗದಾಸಪುರದ ಒಂದು ಕೊಟ್ಟಿಗೆ.

ಕಗ್ಗದಾಸಪುರ ಕೆರೆಯ ಪಕ್ಕದ ಹಳ್ಳಿಯಾಗಿತ್ತು. ಇಂದು ಸುತ್ತಲೂ ಬಡಾವಣೆ, ಗೋಡೆಗೆ ಗೋಡೆ ಹತ್ತಿದ ಮನೆಗಳು. ಆದರೂ ಹಸು ಬಿಡದ ಕುಟುಂಬಗಳು ಅಲ್ಲಿವೆ. ಅಂಥ ಒಂದು ಮನೆಯಲ್ಲಿ ಐದು ಮಿಶ್ರತಳಿ ಹಸುಗಳು. ಒಂದೇ ವಾರದಲ್ಲಿ ಅವರ ಹಾಲು ಎರಡು ಸಲ ವಾಪಸಾಯಿತು. ಕೊಬ್ಬಿನಂಶ ಸರಿ ಇತ್ತು, ನೀರು ಬೆರೆಸಿರಲಿಲ್ಲ, ಹುಳಿಯೂ ಇರಲಿಲ್ಲ. ಕ್ಯಾನಿನ ಮುಚ್ಚಳ ತೆಗೆದರೆ ಹೊಗೆ ವಾಸನೆ. ಮೇವಿನ ದೋಷವಿರಬಹುದೆಂದು ನಾನು ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಹೋದೆ.

ಕೊಟ್ಟಿಗೆಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ. ಮೇಲೆ ನಲವತ್ತು ಲೀಟರಿನ ಹಂಡೆ. ಪಕ್ಕದಲ್ಲಿ ಇನ್ನೊಂದು ಒಲೆ, ಅದರಲ್ಲಿ ಬೂಸಾ, ಹುರುಳಿ ಬೇಯುತ್ತಿದೆ. ಉರಿಯುತ್ತಿದ್ದದ್ದು ಹಸಿ ಕೊಂಬೆ ಮತ್ತು ಕಟ್ಟಡದ ಕೆಲಸದಲ್ಲಿ ಬಿಸಾಡಿದ ಸೆಂಟ್ರಿಂಗ್ ಹಲಗೆ. ಮನೆಯ ಯಜಮಾನಿ ಊದುಕೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತಿದ್ದರು. ಆರಡಿ ದೂರದಲ್ಲಿ ಕರೆದ ಹಾಲು, ಮುಚ್ಚಳವಿಲ್ಲದೆ. ಮೇಲಿನ ಮಹಡಿಯಲ್ಲಿ ಯಾರೋ ಕಿಟಕಿಯನ್ನು ದಢಾರನೆ ಮುಚ್ಚಿದರು.

“ಇನ್ನೊಂದು ಸಲ ಹೊಗೆ ಬಂದ್ರೆ ಕಂಪ್ಲೇಂಟ್ ಕೊಡ್ತೀವಿ ಅಂದವ್ರೆ ಡಾಕ್ಟ್ರೇ. ಕಂಪ್ಲೇಂಟ್ ಆದ್ರೆ ಇಲ್ಲಿ ಹಸು ಕಟ್ಟೋದೇ ಕಷ್ಟ. ಹೊಗೆ ಬರದೇ ಇರೋ ಒಲೆ ಯಾವುದು ಹೇಳಿ, ತಗೊಂಡ್ಬಿಡ್ತೀವಿ” ಎಂದರು ಆಕೆ.

ಆ ಪ್ರಶ್ನೆಗೆ ಉತ್ತರವೇ ಈ ಲೇಖನ. ಅಡುಗೆಗೆ ಗ್ಯಾಸ್ ಬಂದ ಮನೆಗಳಲ್ಲೂ ಹಂಡೆಯ ಕೆಳಗಿನ ಸೌದೆ ಹೋಗಿಲ್ಲ. ಆದ್ದರಿಂದ ಇದು ಒಂದು ಮನೆಯ ಮಾತಲ್ಲ.

ಹೊಗೆ ಎಂದರೇನು?

ಸೌದೆ ನೇರವಾಗಿ ಉರಿಯುವುದಿಲ್ಲ. ಬಿಸಿಯಾದಾಗ ಅದರಿಂದ ಅನಿಲಗಳು ಹೊರಡುತ್ತವೆ. ಆ ಅನಿಲ ಹೊತ್ತಿಕೊಂಡಾಗ ಕಾಣುವುದೇ ಜ್ವಾಲೆ. ಸಾಕಷ್ಟು ಶಾಖ ಅಥವಾ ಗಾಳಿ ಸಿಗದಿದ್ದರೆ ಅದು ಸುಡದೆ ತಪ್ಪಿಸಿಕೊಳ್ಳುತ್ತದೆ. ಅದೇ ಹೊಗೆ. ಪಾತ್ರೆಯ ತಳಕ್ಕೆ ಹತ್ತುವ ಮಸಿಯೂ ಅದೇ. ಅಂದರೆ ಹೊಗೆ ಎಂದರೆ ನೀವು ದುಡ್ಡು ಕೊಟ್ಟು ತಂದು, ಸುಡದೆ ಬಿಟ್ಟ ಸೌದೆ.

ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಿ. ಹೊಗೆಕೊಳವೆ ಹೊಗೆಯನ್ನು ಹೊರಗೆ ಕಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಒಂಟಿ ಮನೆಯ ಹಳ್ಳಿಯಲ್ಲಿ ಅಷ್ಟೇ ಸಾಕಾಗಬಹುದು. ಕಗ್ಗದಾಸಪುರದಂಥ ಕಡೆ ನಿಮ್ಮ ಕೊಳವೆಯ ಬಾಯಿ ಪಕ್ಕದ ಮನೆಯ ಕಿಟಕಿ. ಅಲ್ಲಿ ಬೇಕಾದದ್ದು ಹೊಗೆಯನ್ನು ಒಳಗೇ ಸುಟ್ಟುಬಿಡುವ ಒಲೆ. ಉಳಿದ ಅಲ್ಪಸ್ವಲ್ಪವನ್ನು ಕೊಳವೆ ಎತ್ತರಕ್ಕೆ ಒಯ್ಯಲಿ.

ಹಾಲಿಗೂ ಹಸುವಿಗೂ ಆಗುವ ತೊಂದರೆ

ಹಾಲು ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ. ಹಸು ಉಸಿರಾಡಿದ ಗಾಢ ವಾಸನೆಯೂ ರಕ್ತದ ಮೂಲಕ ಕೆಚ್ಚಲಿಗೆ ತಲುಪಬಲ್ಲದು. ಒಮ್ಮೆ ಸೇರಿದ ವಾಸನೆ ಹಾಲನ್ನು ತಂಪು ಮಾಡಿದರೂ ಹೋಗುವುದಿಲ್ಲ. ಸಂಘದಲ್ಲಿ ಪರೀಕ್ಷಕರು ಮೊದಲು ಮೂಸಿ ನೋಡುವುದು ಇದಕ್ಕಾಗಿಯೇ. ಒಬ್ಬರ ಕ್ಯಾನು ಎಲ್ಲರ ಹಾಲಿನೊಂದಿಗೆ ಬೆರೆಯುತ್ತದೆ.

ಸೊಳ್ಳೆಗೆಂದು ಸಂಜೆ ಕೊಟ್ಟಿಗೆ ತುಂಬ ಹೊಗೆ ಹಾಕುವ ಅಭ್ಯಾಸವೂ ಒಳ್ಳೆಯದಲ್ಲ. ಹಸು, ಕರುಗಳ ಕಣ್ಣು ಮತ್ತು ಶ್ವಾಸನಾಳ ಉರಿಯುತ್ತವೆ. ಸೊಳ್ಳೆಪರದೆ ಕಟ್ಟಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಕರುವಿನ ಬಳಿ ಕೆಂಡದ ಬಾಂಡ್ಲಿ ಇಡಲೇಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ. ಅದು ಕರುವನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ನಷ್ಟ ಊದುಕೊಳವೆ ಹಿಡಿದವರಿಗೆ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಮೊದಲು ಬೇಡದ ಬೆಂಕಿ ಆರಿಸಿ

ಒಲೆ ಕೊಳ್ಳುವ ಮೊದಲು ಯಾವ ಬೆಂಕಿ ಬೇಕಾಗಿಯೇ ಇಲ್ಲ ಎಂದು ನೋಡಿ. ಒಕ್ಕೂಟದ ಪಶು ಆಹಾರವನ್ನು ಬೇಯಿಸುವ ಅಗತ್ಯವೇ ಇಲ್ಲ. ಒಣದಾಗಿ ಕೊಡಬಹುದು, ಬೇಕಿದ್ದರೆ ಸ್ವಲ್ಪ ನೀರು ಚಿಮುಕಿಸಿ ಕೊಡಬಹುದು. ಬೂಸಾ, ಹಿಂಡಿ ನೆನೆಸಿದರೆ ಸಾಕು. ಹುರುಳಿಯನ್ನು ನುಚ್ಚು ಮಾಡಿಸಿ ನೆನೆಸಿ. ಕುದಿಸಿದರೆ ಕೆಲವು ಜೀವಸತ್ವಗಳು ನಾಶವಾಗುತ್ತವೆ, ಸೌದೆಯೂ ಹೋಗುತ್ತದೆ. ಆ ಮನೆಯಲ್ಲಿ ಎರಡನೆಯ ಒಲೆ ಆರಿದ್ದು ಇಷ್ಟರಿಂದಲೇ, ಒಂದು ರೂಪಾಯಿ ಖರ್ಚಿಲ್ಲದೆ.

ಉಳಿಯುವುದು ಕ್ಯಾನು ತೊಳೆಯಲು, ಕೆಚ್ಚಲು ಒರೆಸಲು, ಸ್ನಾನಕ್ಕೆ ಬೇಕಾದ ಬಿಸಿನೀರು. ಇದನ್ನು ಬಿಡುವಂತಿಲ್ಲ.

ನಮ್ಮ ನಾಡಿನ ಒಲೆಯ ಪಾಠ

ಹೊಗೆ ಕಡಿಮೆ ಮಾಡುವ ಒಲೆಯ ಕೆಲಸ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗ ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅವರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿನ ಅನುಭವದಿಂದ 1980ರ ದಶಕದ ಮೊದಲಲ್ಲಿ ಮೂರು ಪಾತ್ರೆಯ ‘ಅಸ್ತ್ರ ಒಲೆ’ ರೂಪುಗೊಂಡಿತು. ಮುಚ್ಚಿದ ಉರಿಗೂಡು, ಸೌದೆಯ ಕೆಳಗೆ ಗಾಳಿ ಬರಲು ಜಾಲರಿ, ಹಿಂಬದಿಗೆ ಹೊಗೆಕೊಳವೆ: ಇದರ ಮುಖ್ಯ ಅಂಗಗಳು ಇವು.

ಕೇಂದ್ರ ಸರ್ಕಾರವೂ 1980ರ ದಶಕದಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ನಡೆಸಿತು. ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಬಂದವು. ಕಾರ್ಯಕ್ರಮ 2002ರಲ್ಲಿ ನಿಂತಿತು. ಎಷ್ಟೋ ಒಲೆಗಳು ಅದಕ್ಕೂ ಮೊದಲೇ ಮೂಲೆ ಸೇರಿದ್ದವು. ಕಾರಣಗಳು ಸರಳ: ಪಾತ್ರೆ ಒಲೆಯ ಬಾಯಿಗೆ ಹೊಂದಲಿಲ್ಲ, ಕಟ್ಟಿದವರು ಅಳತೆ ತಪ್ಪಿಸಿದರು, ಕೊಳವೆಯಲ್ಲಿ ಮಸಿ ಕಟ್ಟಿಕೊಂಡಿತು, ಒಡೆದಾಗ ರಿಪೇರಿ ಮಾಡುವವರಿರಲಿಲ್ಲ. ಇಂದು ಒಲೆ ಆರಿಸುವ ನಾವು ಈ ನಾಲ್ಕು ಮಾತು ನೆನಪಿಡಬೇಕು.

ನಿಯಮದ ಮಿತಿ ಎಷ್ಟು?

ಮನೆಯಲ್ಲಿ ಸೌದೆ ಒಲೆ ಇಡಲು ಯಾವ ಲೈಸೆನ್ಸೂ ಬೇಕಿಲ್ಲ. ಆದರೆ ಎತ್ತಿಡಬಹುದಾದ ಸೌದೆ ಒಲೆ ಮಾಡಿ ಐ.ಎಸ್.ಐ. ಮುದ್ರೆ ಹಾಕಬೇಕಾದರೆ, ಅದು ಭಾರತೀಯ ಮಾನಕ ಬ್ಯೂರೋದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಮಾನಕದ ಸಂಖ್ಯೆ ಐ.ಎಸ್. 13152 (ಭಾಗ 1). 2013ರಲ್ಲಿ ಪರಿಷ್ಕರಿಸಿದ ಈ ಮಾನಕ ಒಲೆಗಳನ್ನು ಎರಡು ಬಗೆ ಮಾಡುತ್ತದೆ.

1. ತಾನಾಗಿ ಗಾಳಿ ಎಳೆಯುವ ಒಲೆ: ಸೌದೆಯ ಶಾಖದಲ್ಲಿ ಕನಿಷ್ಠ ಶೇ. 25 ಪಾತ್ರೆಗೆ ತಲುಪಬೇಕು. ಹೊಗೆಯ ಕಣಗಳು 350 ಮಿಲಿಗ್ರಾಂ ಮೀರಬಾರದು.

2. ಫ್ಯಾನ್ ಇರುವ ಒಲೆ: ಕನಿಷ್ಠ ಶೇ. 35 ಶಾಖ ಪಾತ್ರೆಗೆ ತಲುಪಬೇಕು. ಹೊಗೆಯ ಕಣಗಳು 150 ಮಿಲಿಗ್ರಾಂ ಮೀರಬಾರದು.

ಎರಡಕ್ಕೂ ಇಂಗಾಲದ ಮಾನಾಕ್ಸೈಡ್ ಮಿತಿ 5 ಗ್ರಾಂ. ಈ ಲೆಕ್ಕವೆಲ್ಲ ಪಾತ್ರೆಗೆ ತಲುಪಿದ ಪ್ರತಿ ಮೆಗಾಜೌಲ್ ಶಾಖಕ್ಕೆ. ಒಂದು ಮೆಗಾಜೌಲ್ ಎಂದರೆ ಸುಮಾರು 7 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸುವಷ್ಟು ಶಾಖ.

ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲುಪುವುದು ಸಾಮಾನ್ಯವಾಗಿ ಶೇ. 10ರ ಆಸುಪಾಸು. ಹಾಗಾದರೆ 40 ಲೀಟರಿನ ಹಂಡೆಯನ್ನು ಅಷ್ಟೇ ಬಿಸಿ ಮಾಡಲು ಒಣ ಸೌದೆ ಸುಮಾರು ಮೂರೂಮುಕ್ಕಾಲು ಕೆ.ಜಿ. ಬೇಕು. ಶೇ. 25ರ ಒಲೆಯಲ್ಲಿ ಒಂದೂವರೆ ಕೆ.ಜಿ. ಸಾಕು. ದಿನಕ್ಕೆ ಒಂದು ಹಂಡೆ ಎಂದರೂ ತಿಂಗಳಿಗೆ 65ರಿಂದ 70 ಕೆ.ಜಿ. ಉಳಿತಾಯ. ನಿಮ್ಮೂರಿನ ಸೌದೆ ದರದಿಂದ ಗುಣಿಸಿ ನೋಡಿ. ಒಲೆಯ ಬೆಲೆ ಎಷ್ಟು ತಿಂಗಳಲ್ಲಿ ಹುಟ್ಟುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಕೊಳ್ಳುವ ಮುನ್ನ

ಪಾತ್ರೆ ಅಳೆಯಿರಿ: ಅಂಗಡಿಗೆ ಹೋಗುವಾಗ ಹಂಡೆಯ ತಳದ ಅಗಲ ಮತ್ತು ತುಂಬಿದ ತೂಕ ಗೊತ್ತಿರಲಿ. ನಲವತ್ತು ಲೀಟರ್ ನೀರೇ ನಲವತ್ತು ಕೆ.ಜಿ. ಅಡುಗೆಗೆಂದು ಮಾಡಿದ ಸಣ್ಣ ಒಲೆ ಆ ಭಾರ ತಾಳದು. ಮಗುಚಿದರೆ ಮೈ ಸುಡುತ್ತದೆ. ದೊಡ್ಡ ಹಂಡೆಗೆ ಜಾಲರಿ, ಕೊಳವೆ ಇರುವ ಕಟ್ಟಿದ ಒಲೆಯೇ ಸರಿ. ತರಬೇತಾದ ಕೈಯಿಂದ, ಅಳತೆ ಪ್ರಕಾರ ಕಟ್ಟಿಸಿ.

ಮುದ್ರೆ ನೋಡಿ: ಎತ್ತಿಡುವ ಒಲೆಯಾದರೆ ಐ.ಎಸ್.ಐ. ಮುದ್ರೆ ಮತ್ತು 13152 ಎಂಬ ಸಂಖ್ಯೆ ಎರಡೂ ಇರಬೇಕು. ‘ಹೊಗೆರಹಿತ’ ಎಂದು ಡಬ್ಬದ ಮೇಲೆ ಬರೆದರೆ ಸಾಲದು.

ಉರಿಸಿ ನೋಡಿ: ನಿಮ್ಮ ಮನೆಯ ಸೌದೆಯನ್ನೇ ಒಯ್ಯಿರಿ. ಹೊತ್ತಿಸುವಾಗ ಸ್ವಲ್ಪ ಹೊಗೆ ಸಹಜ. ಉರಿ ಹಿಡಿದ ಮೇಲೂ ಹೊಗೆ ಬರುತ್ತಿದ್ದರೆ ಆ ಒಲೆ ಬೇಡ. ಕೊನೆಗೆ ಪಾತ್ರೆಯ ತಳಕ್ಕೆ ಬೆರಳು ಒರೆಸಿ. ಮಸಿ ದಪ್ಪವಾಗಿದ್ದಷ್ಟೂ ಸೌದೆ ದಂಡ.

ಫ್ಯಾನ್ ಒಲೆಯ ಗುಣದೋಷ: ಹೊಗೆ ತೀರ ಕಡಿಮೆ. ಆದರೆ ಸೌದೆಯನ್ನು ಸಣ್ಣಗೆ ತುಂಡರಿಸಬೇಕು, ಬ್ಯಾಟರಿ ಚಾರ್ಜ್ ಮಾಡಬೇಕು. ಫ್ಯಾನ್ ಕೆಟ್ಟರೆ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ.

ಕೊಳವೆ: ಸೂರಿಗಿಂತ ಮೂರಡಿಯಾದರೂ ಮೇಲಿರಲಿ, ಪಕ್ಕದ ಕಿಟಕಿಯತ್ತ ತಿರುಗಿರಬಾರದು. ತಿಂಗಳಿಗೊಮ್ಮೆ ಮಸಿ ತೆಗೆಯಿರಿ. ಹಳೆಯ ಕಲ್ನಾರು ಪೈಪನ್ನು ಗರಗಸದಿಂದ ಕೊಯ್ಯಬೇಡಿ. ಆ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಒಲೆಯಷ್ಟೇ ಮುಖ್ಯ ಸೌದೆ

ಅತಿ ಒಳ್ಳೆಯ ಒಲೆಯೂ ಹಸಿ ಸೌದೆಯಲ್ಲಿ ಹೊಗೆಯುತ್ತದೆ. ಹೊಸದಾಗಿ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಸೀಳಿ, ನೆಲದಿಂದ ಎತ್ತರಿಸಿ, ಮಳೆ ತಾಗದಂತೆ ಕೆಲವು ತಿಂಗಳು ಒಣಗಿಸಿ. ಎರಡು ತುಂಡು ಕುಟ್ಟಿದಾಗ ‘ಟಣ್’ ಎಂದರೆ ಒಣಗಿದೆ, ‘ದಬ್’ ಎಂದರೆ ಇನ್ನೂ ಹಸಿ. ತೆಂಗಿನ ಚಿಪ್ಪು, ಒಣ ನೀಲಗಿರಿ, ಸರ್ವೆ ಚೆನ್ನಾಗಿ ಉರಿಯುತ್ತವೆ. ಉರಿಗೂಡಿನ ಬಾಯಿಗೆ ಸೌದೆ ಗಿಡಿಯಬೇಡಿ. ಗಾಳಿಗೆ ದಾರಿ ಬಿಡಿ.

ಬಣ್ಣ ಬಳಿದ ಮರ, ಪ್ಲೈವುಡ್, ಎಣ್ಣೆ ಹಚ್ಚಿದ ಸೆಂಟ್ರಿಂಗ್ ಹಲಗೆ, ಪ್ಲಾಸ್ಟಿಕ್, ಟೈರು ಒಲೆಗೆ ಹಾಕಲೇಬಾರದು. ಪುಕ್ಕಟೆ ಸಿಕ್ಕಿತೆಂದು ಸುಟ್ಟರೆ ಅಂಟಿನ, ಬಣ್ಣದ ವಿಷ ನಿಮ್ಮ ಮನೆಗೇ. ಬಯಲಲ್ಲಿ ಕಸ ಸುಡುವುದಂತೂ ಕಾನೂನಿನ ಪ್ರಕಾರ ತಪ್ಪು. ಅಲ್ಮಿತ್ರಾ ಪಟೇಲ್ ಅವರ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ವಿಧಿಸಬೇಕೆಂದು ಆದೇಶಿಸಿತು.

ಜಾಗವಿದ್ದರೆ ಗೋಬರ್ ಗ್ಯಾಸ್

ನಾಲ್ಕೈದು ದೊಡ್ಡ ಹಸುಗಳಿರುವವರ ಬಳಿ ಎಲ್ಲಕ್ಕಿಂತ ಶುಚಿಯಾದ ಉರುವಲು ಆಗಲೇ ಇದೆ. 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ, ಅಷ್ಟೇ ನೀರು ಸಾಕು. ಅದರ ಅನಿಲ ದಿನಕ್ಕೆ ಮುಕ್ಕಾಲು ಕೆ.ಜಿ.ಗೂ ಮೀರಿದ ಸಿಲಿಂಡರ್ ಗ್ಯಾಸಿಗೆ ಸಮ. ಸಗಣಿ ಚರಂಡಿಗೆ ಹರಿಯುವುದೂ ತಪ್ಪುತ್ತದೆ, ಬಗ್ಗಡ ಗೊಬ್ಬರವಾಗುತ್ತದೆ. ಕಗ್ಗದಾಸಪುರದ ಆ ಮನೆಯಲ್ಲಿ ಜಾಗವಿರಲಿಲ್ಲ. ಹೊರವಲಯದ ಸದಸ್ಯರಲ್ಲಿ ಬಹಳ ಜನಕ್ಕೆ ಇದೆ.

ಆ ಮನೆಯವರು ಕೊನೆಗೆ ಕೊಟ್ಟಿಗೆಯಿಂದ ಹೊರಗೆ, ಗೋಡೆಯ ಆಚೆ ಬದಿಗೆ, ಜಾಲರಿ ಹಾಕಿ ಹಂಡೆ ಒಲೆ ಕಟ್ಟಿಸಿದರು. ಕೊಳವೆ ಮೇಲಿನ ಮಹಡಿಯನ್ನು ದಾಟಿಸಿದರು. ಸೌದೆಗೆ ತಗಡಿನ ಚಪ್ಪರ ಮಾಡಿದರು. ಹಾಲು ಕರೆದ ಕೂಡಲೇ ಮುಚ್ಚಿ ಸಂಘಕ್ಕೆ ಕಳಿಸುತ್ತಾರೆ. ಹಾಲು ಮತ್ತೆ ವಾಪಸಾಗಿಲ್ಲ. ಕಳೆದ ಸಲ ಹೋದಾಗ ಊದುಕೊಳವೆ ಎಲ್ಲಿ ಎಂದು ಕೇಳಿದೆ. “ಅದೆಲ್ಲೋ ಅಟ್ಟದ ಮೇಲೈತೆ ಡಾಕ್ಟ್ರೇ” ಎಂದರು.

ಸದಸ್ಯರೇ, ಇಂದು ಸಂಜೆ ನಿಮ್ಮ ಹಂಡೆಯ ತಳವನ್ನೊಮ್ಮೆ ನೋಡಿ. ಮಸಿ ಬೆರಳಿಗೆ ದಪ್ಪಗೆ ಹತ್ತಿದರೆ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ. ನಾನು ಮುಂದಿನ ಭೇಟಿಯಲ್ಲಿ ಹಸುವಿನ ಜೊತೆಗೆ ಒಲೆಯನ್ನೂ ನೋಡಿ ಬರುತ್ತೇನೆ.

ಪಶುವೈದ್ಯ ವಿಸ್ತರಣಾಧಿಕಾರಿ