ಕಣ್ಣು ಮುಚ್ಚುವ ಮಾನಿಟರು

ಮನೆಯ ದೀಪ ಆರಿದರೆ ನಾವು ಮೊದಲು ಮಾಡುವ ಕೆಲಸವೇನು? ಪಕ್ಕದ ಮನೆಯತ್ತ ನೋಡುತ್ತೇವೆ. ಅಲ್ಲಿಯೂ ಕತ್ತಲೆಯಿದ್ದರೆ ದೋಷ ಲೈನಿನದು. ಅಲ್ಲಿ ಬೆಳಕಿದ್ದರೆ ದೋಷ ನಮ್ಮದು. ಅಕ್ಷರ ಅರಿಯದ ನನ್ನ ಅಜ್ಜಿಗೂ ಈ ತರ್ಕ ಗೊತ್ತು. ಆದರೆ ಕಂಪ್ಯೂಟರಿನ ಮಾನಿಟರು ಕಪ್ಪಾದೊಡನೆ, ಪದವಿ ತರಗತಿಯ ನಾವು ಅದನ್ನು ಮರೆತು ಕೈಚೆಲ್ಲಿ ಕುಳಿತುಬಿಡುತ್ತೇವೆ.

ನಾನೂ ಹಾಗೆಯೇ ಕುಳಿತವನು. ನಮ್ಮ ಮನೆ ಬೆಂಗ್ರೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಅಮ್ಮ ಬೀಡಿ ಕಟ್ಟಿ ಉಳಿಸಿದ ಹಣದಿಂದ ಹಳೆಯ ಕಂಪ್ಯೂಟರೊಂದು ಮನೆಗೆ ಬಂದಿತ್ತು. ಮಳೆಗಾಲ ಹಿಡಿದ ಮೇಲೆ ಅದರ ಮಾನಿಟರಿಗೆ ಹೊಸ ಚಾಳಿಯೊಂದು ಅಂಟಿಕೊಂಡಿತು. ಹತ್ತು ನಿಮಿಷ ಸರಿಯಾಗಿರುವುದು, ಥಟ್ಟನೆ ಕಪ್ಪಾಗುವುದು, ಎರಡು ಕ್ಷಣದಲ್ಲಿ ಮರಳುವುದು. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಸಮೀಪಿಸಿತ್ತು. ರಿಪೇರಿಯವರೊಬ್ಬರು ನೋಡಿ, “ಇದರ ಕತೆ ಮುಗಿಯಿತು ಮಾರಾಯ, ಹೊಸದು ತಕ್ಕೊ” ಎಂದರು. ಹೊಸದೆಂದರೆ ಅಮ್ಮನ ಎರಡು ತಿಂಗಳ ಮಜೂರಿ. “ಹೇಗಾದರೂ ಮಾಡುವ ಮಗಾ” ಎಂದರು ಅಮ್ಮ. ಆ ಮಾತು ಕೇಳಿದ ಮೇಲೆ, ಕೊಳ್ಳುವ ಮೊದಲು ಒಮ್ಮೆ ವಿಚಾರಿಸಿಯಾದರೂ ನೋಡೋಣವೆನಿಸಿತು. ವಿಚಾರಿಸಿ ಕಲಿತದ್ದನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಮಾನಿಟರು ತಾನಾಗಿ ಚಿತ್ರವನ್ನು ರಚಿಸುವುದಿಲ್ಲ. ಸಿಪಿಯು ಪೆಟ್ಟಿಗೆ ಚಿತ್ರವನ್ನು ಕಳುಹಿಸುತ್ತದೆ, ಕೇಬಲ್ ಒಯ್ಯುತ್ತದೆ, ಮಾನಿಟರು ತೋರಿಸುತ್ತದೆ. ಇವುಗಳಿಗೆ ಬೇಕಾದ ವಿದ್ಯುತ್ತನ್ನೂ ಸೇರಿಸಿದರೆ ಸಂಶಯಕ್ಕೆ ಪಾತ್ರರಾದವರು ನಾಲ್ವರೇ. ಅವರನ್ನು ಒಬ್ಬೊಬ್ಬರನ್ನಾಗಿ ಪ್ರಶ್ನಿಸಬೇಕು.

ಮೊದಲು ಮಾನಿಟರಿನ ಅಂಚಿನ ಪುಟ್ಟ ದೀಪವನ್ನು ನೋಡಿ. ಅದೂ ಆರಿದ್ದರೆ ಪ್ಲಗ್ಗು, ಸ್ವಿಚ್ಚು, ವಿದ್ಯುತ್ ವಯರುಗಳನ್ನು ಪರೀಕ್ಷಿಸಿ. ದೀಪ ಉರಿಯುತ್ತಿದ್ದು, ಕೆಲಸವಿಲ್ಲದೆ ಕೆಲವು ನಿಮಿಷ ಬಿಟ್ಟಾಗ ಮಾತ್ರ ಪರದೆ ಕಪ್ಪಾಗಿ, ಮೌಸ್ ಮುಟ್ಟಿದೊಡನೆ ಎಚ್ಚರಗೊಂಡರೆ ಅದು ರೋಗವಲ್ಲ, ನಿದ್ರೆ. ವಿದ್ಯುತ್ ಉಳಿತಾಯದ ಸೆಟ್ಟಿಂಗಿನಲ್ಲಿ ಅವಧಿಯನ್ನು ಹೆಚ್ಚಿಸಿದರಾಯಿತು.

ಎರಡನೆಯದಾಗಿ, ಪರದೆ ಕಪ್ಪಾದಾಗ ಮಾನಿಟರಿನದೇ ಮೆನು ಬಟನ್ನನ್ನು ಒತ್ತಿ. ಮೆನುವಾಗಲಿ, ‘ನೋ ಸಿಗ್ನಲ್’ ಎಂಬ ಬರಹವಾಗಲಿ ಕಾಣಿಸಿದರೆ ಪರದೆ ಬದುಕಿದೆ ಎಂದೇ ಅರ್ಥ. ತೋರಿಸಲು ಅದಕ್ಕೆ ಏನೂ ತಲಪುತ್ತಿಲ್ಲ, ಅಷ್ಟೆ. ದೋಷವನ್ನು ಕೇಬಲಿನಲ್ಲಿ ಅಥವಾ ಪೆಟ್ಟಿಗೆಯಲ್ಲಿ ಹುಡುಕಬೇಕು. ಏನೂ ಕಾಣಿಸದಿದ್ದರೆ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಿ. ಎಲ್‌ಸಿಡಿ ಪರದೆಗೆ ಸ್ವಂತ ಬೆಳಕಿಲ್ಲ. ಹಿಂದಿನ ದೀಪವೇ ಅದನ್ನು ಬೆಳಗಿಸುವುದು. ಟಾರ್ಚಿಗೆ ಚಿತ್ರ ಮಸುಕಾಗಿ ತೋರಿದರೆ ಆ ದೀಪವೋ, ಅದಕ್ಕೆ ವಿದ್ಯುತ್ ಒದಗಿಸುವ ಭಾಗವೋ ಕೆಟ್ಟಿದೆ. ಅದು ಬಲ್ಲವರ ಕೆಲಸ. ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಯಾರೂ ಕುತೂಹಲದಿಂದ ಮಾನಿಟರನ್ನು ಬಿಚ್ಚಬಾರದು.

ಇನ್ನು ಕೇಬಲಿನ ಮಾತು. 1987ರಲ್ಲಿ ಐಬಿಎಂ ಹೊರತಂದ ವಿಜಿಎ ಪದ್ಧತಿಯ ಕೇಬಲಿನಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಬೇರೆ ಬೇರೆ ಪಿನ್ನುಗಳಿವೆ. ಒಂದು ಪಿನ್ನು ಕೈಕೊಟ್ಟರೆ ಆ ಬಣ್ಣ ಹೋಗಿ ಚಿತ್ರ ಹಳದಿಯಾಗಿಯೋ ಹಸಿರುಮಿಶ್ರಿತ ನೀಲಿಯಾಗಿಯೋ ತೋರುತ್ತದೆ. ಎಚ್‌ಡಿಎಂಐ ಹಾಗಲ್ಲ. ಅಲ್ಲಿ ಕ್ಷಣಕಾಲ ಸಂಪರ್ಕ ಕಡಿದರೂ ಚಿತ್ರವೇ ಮಾಯ; ಪೆಟ್ಟಿಗೆಯೂ ಮಾನಿಟರೂ ಮತ್ತೆ ಪರಸ್ಪರ ಗುರುತು ಹಿಡಿಯುವ ತನಕ ಕತ್ತಲೆ. ನಮ್ಮ ಮಾನಿಟರಿನ ಎರಡು ಕ್ಷಣದ ಕಣ್ಣುಮುಚ್ಚಾಲೆಯ ಗುಟ್ಟು ಇದೇ.

ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಮಂಗಳೂರಿನಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಗಾಳಿಯ ತೇವದೊಡನೆ ಕಡಲಿನ ಉಪ್ಪೂ ಸೇರಿ ಲೋಹದ ತುದಿಗಳಿಗೆ ಕಿಲುಬು ಹಿಡಿಯುತ್ತದೆ. ಕಿಟಿಕಿಯ ಸರಳು ತುಕ್ಕು ಹಿಡಿದದ್ದನ್ನು ದಿನವೂ ಕಾಣುವ ನಮಗೆ ಕೇಬಲಿನ ತುದಿಯ ನೆನಪಾಗುವುದಿಲ್ಲ. ವಿದ್ಯುತ್ತನ್ನು ಪೂರ್ಣ ನಿಲ್ಲಿಸಿ ಕೇಬಲ್ ಕಳಚಿ ನೋಡಬೇಕು, ಬಿಗಿಯಾಗಿ ಮರುಜೋಡಿಸಬೇಕು, ಹಾಗೂ ಸರಿಹೋಗದಿದ್ದರೆ ಬೇರೊಂದು ಕೇಬಲನ್ನು ಎರವಲು ತಂದು ಹಾಕಬೇಕು. ಕೇಬಲ್ ಬದಲಿಸಿದರೂ ಚಾಳಿ ಬಿಡದಿದ್ದರೆ ಮಾನಿಟರನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ. ಅಲ್ಲಿ ಸರಿಯಾಗಿದ್ದರೆ ದೋಷ ನಿಮ್ಮ ಪೆಟ್ಟಿಗೆಯದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿಯ ಮುಖ್ಯ ನಿಯಮ. ಎಲ್ಲವನ್ನೂ ಒಮ್ಮೆಲೇ ಬದಲಿಸಿದರೆ ಗುಣವಾದದ್ದು ಯಾವುದರಿಂದ ಎಂದೇ ತಿಳಿಯದು.

ನಮ್ಮ ಮನೆಯಲ್ಲಿ ಮೆನು ಬಟನ್ ಒತ್ತಿದಾಗ ಮೆನು ಸ್ಪಷ್ಟವಾಗಿ ಮೂಡಿತು. ಕೇಬಲ್ ಕಿತ್ತು ನೋಡಿದರೆ ತುದಿಯಲ್ಲಿ ಹಸಿರು ಕಿಲುಬು. ಗೆಳೆಯನ ಕೇಬಲ್ ಹಾಕಿ ಒಂದು ಸಂಜೆಯಿಡೀ ಕುಳಿತೆ. ಪರದೆ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಅರ್ಜಿ ಅಂದೇ ಹೋಯಿತು. ಮಾರನೆಯ ದಿನ ಅಲ್ಪ ಹಣಕ್ಕೆ ಹೊಸ ಕೇಬಲ್ ಬಂತು.

ರಿಪೇರಿಯವರು ಮೋಸಕ್ಕೆಂದೇ ಹೇಳಿದರೆನ್ನಲಾರೆ, ಅವಸರದಲ್ಲಿದ್ದಿರಬಹುದು. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ನನ್ನಂಥವರು, ಬಲ್ಲವರು ಹೇಳಿದರೆಂದರೆ ಮರುಪ್ರಶ್ನೆ ಕೇಳಲು ಹಿಂಜರಿಯುತ್ತೇವೆ. ಆ ಹಿಂಜರಿಕೆಯ ಬೆಲೆಯನ್ನು ತೆರುವವರು ನಮ್ಮ ತಾಯಂದಿರು. ಪಕ್ಕದ ಮನೆಯ ದೀಪವನ್ನು ನೋಡುವ ಅಜ್ಜಿಯ ಬುದ್ಧಿಯನ್ನು ಕಾಲೇಜಿಗೆ ಬರುವಾಗ ಮನೆಯಲ್ಲೇ ಬಿಟ್ಟು ಬರಬೇಕಾಗಿಲ್ಲ.