ಗಂಟಲಿನ ಶಸ್ತ್ರಚಿಕಿತ್ಸೆಗೆ ಮದ್ದಿನ ಒತ್ತಾಸೆ

1854ರಲ್ಲಿ ಸಂಗೀತ ಶಿಕ್ಷಕ ಮ್ಯಾನುಯೆಲ್ ಗಾರ್ಸಿಯಾ ದಂತವೈದ್ಯರ ಪುಟ್ಟ ಕನ್ನಡಿಯೊಂದನ್ನು ಗಂಟಲಿಗೆ ಹಿಡಿದು, ಅದರ ಮೇಲೆ ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳ ಚಲನೆಯನ್ನು ಕಂಡ. ನೋಡುವ ದಾರಿಯೇನೋ ಸಿಕ್ಕಿತು. ಮುಟ್ಟುವುದು ಹೇಗೆ? ಧ್ವನಿಪೆಟ್ಟಿಗೆಗೆ ಒಂದು ಹನಿ ನೀರು ತಾಗಿದರೂ ದೇಹ ಕೆಮ್ಮಿ ಹೊರದಬ್ಬುತ್ತದೆ. ಉಕ್ಕಿನ ಸಲಕರಣೆಯನ್ನು ಸುಮ್ಮನೆ ಬಿಟ್ಟೀತೆ?

1861ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿಕ್ಟರ್ ಫಾನ್ ಬ್ರೂನ್ಸ್ ತನ್ನ ಸ್ವಂತ ಸೋದರನ ಧ್ವನಿಪೆಟ್ಟಿಗೆಯಲ್ಲಿದ್ದ ಗಡ್ಡೆಯನ್ನು ಅರಿವಳಿಕೆಯಿಲ್ಲದೆ ತೆಗೆದ. ಆ ಕಾಲದಲ್ಲಿ ರೋಗಿಯ ಗಂಟಲಿಗೆ ಮತ್ತೆ ಮತ್ತೆ ಸಲಕರಣೆ ತಾಗಿಸಿ, ಓಕರಿಕೆ ಬಾರದಂತೆ ವಾರಗಟ್ಟಲೆ ಪಳಗಿಸಬೇಕಿತ್ತು. ಕ್ಲೋರೋಫಾರಂ ಇತ್ತು, ನಿಜ. ಆದರೆ ಕನ್ನಡಿ ನೋಡಿ ಮಾಡುವ ಈ ಕೆಲಸಕ್ಕೆ ರೋಗಿ ಎಚ್ಚರವಾಗಿ ನೆಟ್ಟಗೆ ಕುಳಿತಿರಬೇಕು!

ಬಿಕ್ಕಟ್ಟು ಬಿಡಿಸಿದ್ದು ಕತ್ತರಿಯಲ್ಲ, ಒಂದು ದ್ರಾವಣ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಕಣ್ಣನ್ನು ಮರಗಟ್ಟಿಸುತ್ತದೆಂದು ತೋರಿಸಿದ. ಅದೇ ವರ್ಷ ಅದೇ ಊರಿನ ಎಡ್ಮಂಡ್ ಯೆಲಿನೆಕ್ ಅದನ್ನು ಗಂಟಲಿಗೂ ಧ್ವನಿಪೆಟ್ಟಿಗೆಗೂ ಸವರಿ ನೋಡಿದ. ವಾರಗಳ ಪಳಗಿಸುವಿಕೆ ನಿಮಿಷಗಳಿಗೆ ಇಳಿಯಿತು. ಕೊಕೇನ್ ರಕ್ತನಾಳಗಳನ್ನೂ ಕುಗ್ಗಿಸುವುದರಿಂದ ರಕ್ತ ಸುರಿಯುವುದೂ ಕಡಿಮೆಯಾಯಿತು. ಚಟ ಹಿಡಿಸುವ, ಹೃದಯಕ್ಕೆ ಕುತ್ತಾಗುವ ಅದರ ಗುಣ ಮಾತ್ರ ವೈದ್ಯರನ್ನು ಕಾಡಿತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ತಯಾರಿಸಿದ ಲಿಗ್ನೊಕೇನ್ ಇಂದು ಅದರ ಜಾಗದಲ್ಲಿದೆ. ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆದ ಮೇಲೆ ಸ್ವಲ್ಪ ಹೊತ್ತು ನೀರನ್ನೂ ಕುಡಿಯಬೇಡಿ ಎನ್ನುವುದೇಕೆ? ಮರಗಟ್ಟಿದ ಗಂಟಲಿಗೆ ನೀರು ಶ್ವಾಸನಾಳದತ್ತ ಜಾರಿದ್ದೇ ತಿಳಿಯುವುದಿಲ್ಲ.

ಈಗಿನ ಆಪರೇಷನ್ ಥಿಯೇಟರಿನಲ್ಲಿ ಇಂಥ ಸಹಾಯಕರ ದಂಡೇ ಇದೆ. ಗ್ಲೈಕೊಪೈರೊಲೇಟ್ ಜೊಲ್ಲು ಒಣಗಿಸಿದರೆ, ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿ ಧ್ವನಿತಂತುವಿನ ರಕ್ತಸ್ರಾವ ತಡೆಯುತ್ತದೆ. ಮಕ್ಕಳ ಟಾನ್ಸಿಲ್ ತೆಗೆಯುವಾಗ ರಕ್ತನಾಳಕ್ಕೆ ಕೊಡುವ ಡೆಕ್ಸಾಮೆಥಸೋನ್‌ನ ಒಂದೇ ಡೋಸು ಆಮೇಲಿನ ವಾಂತಿಯನ್ನು, ನೋವನ್ನು ತಗ್ಗಿಸುತ್ತದೆ. ಮಗು ಬೇಗ ಉಣ್ಣತೊಡಗುತ್ತದೆ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಮಾರ್ಗಸೂಚಿ ಇದನ್ನು ಬಲವಾಗಿ ಶಿಫಾರಸು ಮಾಡುತ್ತದೆ. ಟಾನ್ಸಿಲ್ ತೆಗೆದ ಮಗುವಿಗೆ ಸುಮ್ಮನೆ ಆ್ಯಂಟಿಬಯೋಟಿಕ್ ಬರೆಯಬೇಡಿ ಎನ್ನುವುದೂ ಅದೇ ಮಾರ್ಗಸೂಚಿ. ಮಾತ್ರೆ ಹೆಚ್ಚಾದಷ್ಟೂ ಗುಣ ಹೆಚ್ಚೆಂದು ನಂಬಿದ ನಮಗೆ ಇದು ಸ್ವಲ್ಪ ಕಹಿಯೇ.

ಇನ್ನೂ ಕಹಿಯಾದದ್ದು ಕೋಡೀನ್ ಕಥೆ. ಈ ನೋವುನಿವಾರಕವನ್ನು ಯಕೃತ್ತು ಮಾರ್ಫೀನ್ ಆಗಿ ಬದಲಿಸುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಈ ಬದಲಾವಣೆ ವಿಪರೀತ ವೇಗದ್ದು. ಟಾನ್ಸಿಲ್ ತೆಗೆಸಿಕೊಂಡ ಅಂಥ ಕೆಲವು ಮಕ್ಕಳು ಮಾಮೂಲು ಡೋಸಿಗೇ ಉಸಿರು ಕುಂದಿ ಸತ್ತರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಇದರ ವಿರುದ್ಧ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹೊರಡಿಸಿತು. ಪ್ಯಾರಸಿಟಮಾಲ್, ಐಬುಪ್ರೊಫೆನ್ ಈಗ ಆ ಕೆಲಸ ಮಾಡುತ್ತಿವೆ.

ನಮ್ಮಲ್ಲಿ ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಕೋಡೀನ್ ಇರುತ್ತದೆ. ಟಾನ್ಸಿಲ್ ಆಪರೇಷನ್ ಆದ ಮಗು ಕೆಮ್ಮಿತೆಂದು ಮನೆಯಲ್ಲಿ ಉಳಿದ ಬಾಟಲಿ ತೆರೆಯಬೇಡಿ; ಮೊದಲು ಶಸ್ತ್ರವೈದ್ಯರಿಗೆ ಫೋನ್ ಮಾಡಿ.